ಹನ್ನೊಂದನೆಯವನು

ನನಗೆ ಭಾನುವಾರ ಅಂದರೆ ಮಧ್ಯಾಹ್ನದ ನಿದ್ದೆ. ವಾರವಿಡೀ ಕ್ಯಾಶುವಾಲ್ಟಿಯಲ್ಲಿ ಮುರಿದ ಮೂಳೆ, ಒಡೆದ ಹಣೆ ನೋಡುವವನಿಗೆ ಅಷ್ಟಾದರೂ ಹಕ್ಕಿದೆ ಎಂದು ತಿಳಿದಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಚಳಿಗಾಲ ಪೂರ್ತಿ ಆ ನಿದ್ದೆಯೂ ಹೋಯಿತು. ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ, ಕೆಸರು ತುಂಬಿದ ಮೈದಾನದ ಪಕ್ಕ, ಮಡಚುವ ಕುರ್ಚಿಯ ಮೇಲೆ ಔಷಧಿ ಚೀಲವನ್ನು ತೊಡೆಯಲ್ಲಿಟ್ಟುಕೊಂಡು, ಒಂದು ಪುಟ್ಟ ಕಾಲೇಜಿನ ಹುಡುಗರು ಅಮೆರಿಕನ್ ಫುಟ್‌ಬಾಲಿನಲ್ಲಿ ಸೋಲುವುದನ್ನು ವಾರ ಬಿಟ್ಟು ವಾರ ನೋಡುತ್ತ ಕೂತೆ. ಆ ಹುಡುಗರಲ್ಲಿ ಒಬ್ಬ ನನ್ನ ಮಗ.

ನಾವು ಧಾರವಾಡದವರು. ಲಂಡನ್ನಿನ ಪಿನ್ನರ್‌ಗೆ ಬಂದು ನೆಲೆಸಿದಾಗ ಮಗ ಇನ್ನೂ ತೊದಲು ಮಾತಾಡುವ ಕೂಸು. ಆಸ್ಪತ್ರೆಯ ಹಿರಿಯ ತಜ್ಞ, ಅಂದರೆ ಕನ್ಸಲ್ಟಂಟ್, ಆಗಬೇಕೆಂದು ಹಡಗಿನಷ್ಟು ದೊಡ್ಡ ಆಸೆ ಇಟ್ಟುಕೊಂಡು ಬಂದವನು ನಾನು. ಪ್ರತಿ ಇಂಟರ್‌ವ್ಯೂನಲ್ಲೂ ಬಹಳ ಮರ್ಯಾದೆಯಿಂದ ಮಾತಾಡಿಸಿ, ಟೀ ಕೊಟ್ಟು, ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಕೊನೆಗೆ ಕ್ಯಾಶುವಾಲ್ಟಿಯ ನಡುಮಟ್ಟದ ಹುದ್ದೆಯೊಂದರಲ್ಲೇ ನನ್ನ ಕೂದಲು ನರೆಯಿತು. ಹೆಂಡತಿ ಅದೇ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಮಗನಾದರೂ ದೊಡ್ಡ ಡಾಕ್ಟರ್ ಆಗಲಿ ಎಂಬ ಹಂಬಲ ಅವಳಿಗೆ ನನಗಿಂತ ಹೆಚ್ಚು. ಎ ಲೆವೆಲ್, ಅಂದರೆ ಇಲ್ಲಿನ ಪಿಯುಸಿಯ, ಫಲಿತಾಂಶ ಬಂದ ದಿನ ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮೆಡಿಸಿನ್? ನಾಟ್ ಹ್ಯಾಪನಿಂಗ್," ಅಂದ. ಅಷ್ಟೇ. ಹೆಂಡತಿ ಒಲೆ ಆರಿಸಿ ಮಹಡಿಗೆ ಹೋದಳು. ಅವತ್ತಿನ ಸಾರು ಅರ್ಧ ಕುದಿದದ್ದು ಹಾಗೇ ಉಳಿಯಿತು.

ನಮ್ಮ ಜನರ ನಡುವೆ ಇದು ಸಣ್ಣ ವಿಷಯವಲ್ಲ. ಹತ್ತಿರದ ಸ್ಟ್ಯಾನ್ಮೋರಿನ ದೊಡ್ಡ ಮನೆಗಳಲ್ಲಿ ಸತ್ಯನಾರಾಯಣ ಪೂಜೆಗೆ ಹೋದರೆ, ಪ್ರಸಾದದ ಬಟ್ಟಲು ಕೈಗೆ ಬರುವ ಮೊದಲೇ ಪ್ರಶ್ನೆ ಬರುತ್ತಿತ್ತು: "ಮಗ ಯಾವ ಮೆಡಿಕಲ್ ಸ್ಕೂಲು?" ಏನು ಓದುತ್ತಾನೆ ಅಂತಲ್ಲ, ಯಾವ ಮೆಡಿಕಲ್ ಸ್ಕೂಲು ಅಂತ. ಹೆಂಡತಿ "ಇಲ್ಲ ರೀ, ಬಿಸಿನೆಸ್ ಸ್ಟಡೀಸ್," ಅಂದಾಗ ಎದುರಿಗಿದ್ದವರ ಮುಖದಲ್ಲಿ ಮೂಡುತ್ತಿದ್ದ ಅನುಕಂಪವನ್ನು ನಾನು ಯಾವ ಸಾವಿನ ಮನೆಯಲ್ಲೂ ಕಂಡಿಲ್ಲ. ಆಮೇಲೆ ಅವಳು ಪೂಜೆಗಳಿಗೆ ಹೋಗುವುದನ್ನೇ ಬಿಟ್ಟಳು.

ಮಗ ನಮ್ಮ ಕನ್ನಡವನ್ನು ಪೂರ್ತಿ ಅರ್ಥ ಮಾಡಿಕೊಳ್ಳುತ್ತಿದ್ದ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟಕ್ಕ ಬಾ" ಅಂದರೆ "ಇನ್ ಎ ಮಿನಿಟ್". ಚಿಕ್ಕಂದಿನಲ್ಲಿ ಹಾಗಿರಲಿಲ್ಲ. ನನ್ನ ಅವ್ವ ಬಂದು ಕೆಲವು ಕಾಲ ನಮ್ಮೊಡನಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಅಜ್ಜಿಯನ್ನು ಬಿಟ್ಟರೆ ಜೊತೆಯಿಲ್ಲ. ಇಬ್ಬರೂ ಸೇರಿ ಇಡೀ ದಿನ ಧಾರವಾಡದ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಆಮೇಲೆ ನರ್ಸರಿಯ ಟೀಚರಮ್ಮ ನಮ್ಮನ್ನು ಕರೆಸಿ, ಮಗುವಿಗೆ ಎರಡು ಭಾಷೆ ಗೊಂದಲವಾಗುತ್ತಿದೆ, ಮನೆಯಲ್ಲೂ ಇಂಗ್ಲಿಷನ್ನೇ ಆಡಿ ಅಂದಳು. ಆ ಕಾಲದಲ್ಲಿ ಎಲ್ಲರಿಗೂ ಅದೇ ಸಲಹೆ. ಡಾಕ್ಟರರ ಮನೆಯಲ್ಲಿ ಸಲಹೆಯೆಂದರೆ ಔಷಧಿ ಇದ್ದ ಹಾಗೆ. ಹೊತ್ತುಹೊತ್ತಿಗೆ ತಪ್ಪದೆ ಕೊಟ್ಟೆವು. ಅವ್ವ ಊರಿಗೆ ಹೋದಳು, ಅಲ್ಲೇ ತೀರಿಕೊಂಡಳು. ಮಗನ ಬಾಯಿಂದ ಕನ್ನಡ ಬರುವುದು ನಿಂತುಹೋಯಿತು. ನಮ್ಮ ಸುತ್ತಲಿನ ಮನೆಗಳಲ್ಲೆಲ್ಲ ಇದೇ ಕತೆಯಾದ್ದರಿಂದ ಯಾರೂ ಅದನ್ನು ಕತೆ ಅಂದುಕೊಳ್ಳಲಿಲ್ಲ.

ಅವನು ಸೇರಿದ ಕಾಲೇಜು ಸಣ್ಣದು. ಹೆಸರು ಹೇಳಿದರೆ ಲಂಡನ್ನಿನವರೇ "ಎಲ್ಲಿದೆ ಅದು?" ಅನ್ನುತ್ತಿದ್ದರು. ಎರಡನೆಯ ವರ್ಷದ ಶುರುವಿನಲ್ಲಿ ಒಂದು ಬೆಳಿಗ್ಗೆ, ತಟ್ಟೆಯಲ್ಲಿನ ಟೋಸ್ಟನ್ನು ನೋಡುತ್ತಲೇ ಅವನು ನನ್ನನ್ನು ಏನೋ ಕೇಳಿದ. ಏನಾದರೂ ಬೇಕೆಂದು ನನ್ನನ್ನು ಕೇಳಿ ಎಷ್ಟೋ ವರ್ಷವಾಗಿತ್ತು, ಹಾಗಾಗಿ ನಾನು ಪೇಪರು ಕೆಳಗಿಟ್ಟೆ. ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವಿದೆ, ತಾನು ಅದರಲ್ಲಿದ್ದೇನೆ, ಮೈದಾನದ ಪಕ್ಕದಲ್ಲಿ ಡಾಕ್ಟರ್ ಇಲ್ಲದಿದ್ದರೆ ರೆಫರಿ ಆಟ ಶುರು ಮಾಡುವುದಿಲ್ಲ, ಇದ್ದ ಡಾಕ್ಟರ್ ಕೈಕೊಟ್ಟಿದ್ದಾನೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ, "ಯು ಡೋಂಟ್ ಹ್ಯಾವ್ ಟು," ಎಂದು ಸೇರಿಸಿದ.

ಅವನು ಎದ್ದು ಹೋದ ಮೇಲೆ ಹೆಂಡತಿ ನನ್ನ ಮೇಲೆ ಹಾರಿದಳು. "ವಾರಗಟ್ಲೆ ಮಂದೀ ತಲಿ ಹೊಲದು ಸಾಕಾಗಿಲ್ಲೇನು ನಿಮಗ? ಆ ಆಟ ಬಿಡ್ಸೋದು ಬಿಟ್ಟು ನೀವೂ ಹೋಗಿ ಕೂಡ್ತೀರಿ?"

"ಬಿಡು ಅಂದ್ರ ಬಿಡ್ತಾನೇನು? ನಾ ಅಲ್ಲಿದ್ರ ಕಣ್ಣಾಗಾದ್ರೂ ಇರ್ತಾನ," ಅಂದೆ.

"ಊರಿಗೊಂದು ದಾರಿ ಅಂದ್ರ ನಿಮ್ಮಿಬ್ಬರಿಗೊಂದು ದಾರಿ," ಅಂದಳು. ಆದರೆ ಭಾನುವಾರ ಬೆಳಿಗ್ಗೆ ಡಬ್ಬಿ ತುಂಬ ಶೇಂಗಾ ಉಂಡಿ ಕಟ್ಟಿಕೊಟ್ಟಳು, ಇಡೀ ತಂಡಕ್ಕಾಗುವಷ್ಟು. ಡಾಕ್ಟರನಾಗಿ ಆ ಋತುವಿನಲ್ಲಿ ನಾನು ಮಾಡಿದ ಮೊಟ್ಟಮೊದಲ ಕೆಲಸ ಆ ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿ ಇಟ್ಟದ್ದು. ತಂಡದ ಅತಿ ವೇಗದ ಓಟಗಾರನಿಗೆ ಶೇಂಗಾದ ಅಲರ್ಜಿ, ವಾಸನೆ ತಗುಲಿದರೂ ಗಂಟಲು ಕಟ್ಟುತ್ತಿತ್ತು. ಮನೆಗೆ ಹೋಗುವ ದಾರಿಯಲ್ಲಿ ನಾನೊಬ್ಬನೇ ನಾಲ್ಕು ಉಂಡಿ ತಿಂದು, ಹುಡುಗರಿಗೆ ಭಾಳ ಸೇರಿತು ಎಂದು ಹೇಳಿದೆ.

ಆಟ ನನಗೆ ಅರ್ಥವಾಗಲು ತಿಂಗಳುಗಳೇ ಹಿಡಿದವು. ನಾಲ್ಕು ಸೆಕೆಂಡು ಗುದ್ದಾಟ, ಆಮೇಲೆ ದೊಡ್ಡ ಸಭೆ. ಎಲ್ಲರೂ ತಲೆ ತಗ್ಗಿಸಿ ಸುತ್ತು ನಿಂತು ಪಿಸುಪಿಸು ಮಾತಾಡುವುದು, ಮತ್ತೆ ಸಾಲಾಗಿ ಬಗ್ಗುವುದು, ಮತ್ತೆ ಗುದ್ದು. ನಮ್ಮ ಆಸ್ಪತ್ರೆಯ ಆಡಳಿತದ ಮೀಟಿಂಗಿನಲ್ಲಿ ಗುದ್ದು ಒಂದಿಲ್ಲ, ಉಳಿದದ್ದೆಲ್ಲ ಇದೇ. ನನ್ನ ಮಗ ಸಾಲಿನ ನಟ್ಟನಡುವೆ ಬಗ್ಗಿ ನಿಂತು, ಚೆಂಡನ್ನು ಕಾಲ ಸಂದಿಯಿಂದ ಹಿಂದಿನವನಿಗೆ ಕೊಡುವವನು. ಕೊಟ್ಟ ಮರುಕ್ಷಣ ಎದುರಿನ ಇಬ್ಬರು ಅವನ ಮೇಲೆ ಬೀಳುತ್ತಿದ್ದರು. ಚೆಂಡು ಹಿಡಿದು ಓಡುವವನನ್ನು ಎಲ್ಲರೂ ನೋಡುತ್ತಾರೆ, ಇವನನ್ನು ಯಾರೂ ನೋಡುವುದಿಲ್ಲ. ಆದರೆ ಇವನು ಕೊಡದೆ ಆಟವೇ ಇಲ್ಲ. ಹೆಂಡತಿಗೆ ಇದನ್ನು ವಿವರಿಸಿದಾಗ "ನಿಮ್ಮ ಹಾಂಗ," ಅಂದಳು. ಹೊಗಳಿದಳೋ ತೆಗಳಿದಳೋ ಕೇಳಲಿಲ್ಲ.

ಕೋಚ್ ಒಬ್ಬ ನೆಲದಡಿಯ ಟ್ಯೂಬ್ ರೈಲಿನ ಡ್ರೈವರ್. ನಲವತ್ತು ದಾಟಿದ ದಪ್ಪನೆಯ ಮನುಷ್ಯ. ಹಿಂದೊಮ್ಮೆ ಈ ದೇಶದ ಟೀವಿಯಲ್ಲಿ ಭಾನುವಾರ ಸಂಜೆ ಈ ಆಟ ತೋರಿಸುತ್ತಿದ್ದಾಗ ಹುಚ್ಚು ಹಿಡಿಸಿಕೊಂಡವನು, ಇನ್ನೂ ಇಳಿದಿರಲಿಲ್ಲ. ಹೆಲ್ಮೆಟ್ಟುಗಳು ಮುಚ್ಚಿಹೋದ ಬೇರೆ ಬೇರೆ ತಂಡಗಳಿಂದ ಬಂದವು. ಕೋಚನ ಗ್ಯಾರೇಜಿನಲ್ಲಿ ನೀಲಿ ಬಣ್ಣ ಬಳಿದಿದ್ದರು, ಮಳೆಯಲ್ಲಿ ಹಳೆಯ ಬಣ್ಣ ಇಣುಕುತ್ತಿತ್ತು. ಮೈದಾನವೂ ನಮ್ಮದಲ್ಲ. ಬೆಳಿಗ್ಗೆ ಪಬ್ಬಿನ ತಂಡಗಳವರ ಸಾಕರ್ ಮುಗಿದ ಮೇಲೆ ಅವರ ಗೆರೆಗಳ ಮೇಲೆ ನಮ್ಮ ಗೆರೆ ಎಳೆಯಬೇಕು. ಯಾವ ಗೆರೆ ಯಾರದೆಂದು ರೆಫರಿಗೇ ಗೊತ್ತಾಗುತ್ತಿರಲಿಲ್ಲ.

ಇನ್ನು ಸೋಲು. ಅಯ್ಯೋ, ಆ ಸೋಲುಗಳು! ದೊಡ್ಡ ಯೂನಿವರ್ಸಿಟಿಗಳವರು ಎರಡೆರಡು ದೊಡ್ಡ ಬಸ್ಸಿನಲ್ಲಿ ಬಂದಿಳಿದು, ನಮ್ಮವರನ್ನು ರುಬ್ಬಿ, ಹಾಡುತ್ತ ಹೋಗುತ್ತಿದ್ದರು. ಶುರುವಿನಲ್ಲಿ ಇದ್ದ ಹುಡುಗರಲ್ಲಿ ಅರ್ಧ ಜನ ಕ್ರಿಸ್ಮಸ್ ಹೊತ್ತಿಗೆ ಮಾಯವಾದರು. ಕೆಲವರಿಗೆ ಪೆಟ್ಟು, ಕೆಲವರಿಗೆ ಗರ್ಲ್‌ಫ್ರೆಂಡು, ಕೆಲವರಿಗೆ ಬುದ್ಧಿ ಬಂತು. ಉಳಿದವರು ಆಕ್ರಮಣಕ್ಕೂ ರಕ್ಷಣೆಗೂ ತಾವೇ ನಿಲ್ಲಬೇಕು, ಉಸಿರಾಡಲು ಬಿಡುವಿಲ್ಲ. ಆಟ ಮುಗಿದ ಮೇಲೆ ಕೋಚ್ ಮಾತ್ರ, ನಾವು ಎರಡನೆಯ ಅರ್ಧದಲ್ಲಿ ಅವರನ್ನು ಹೆದರಿಸಿಬಿಟ್ಟೆವು ಎನ್ನುತ್ತಿದ್ದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಕೇಳಿದ್ದೆ. ಇಲ್ಲಿ ಮೀಸೆ, ಹುಬ್ಬು, ಹಲ್ಲಿನ ಸಂದಿ ಎಲ್ಲ ಮಣ್ಣಾಗಿದ್ದರೂ ಅದೇ ಮಾತು.

ಆದರೆ ನನ್ನ ಮಗ ಅಲ್ಲಿ ಬೇರೆಯವನೇ ಆಗಿದ್ದ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವವನು ಅಲ್ಲಿ ಬಿದ್ದವರನ್ನು ಕೈಹಿಡಿದು ಎಬ್ಬಿಸುತ್ತಿದ್ದ, ಬೆನ್ನು ತಟ್ಟುತ್ತಿದ್ದ, ಗಟ್ಟಿಯಾಗಿ ನಗುತ್ತಿದ್ದ. ಅವನು ಹಾಗೆ ನಕ್ಕದ್ದನ್ನು ನಾನು ಎಷ್ಟು ವರ್ಷದಿಂದ ಕೇಳಿರಲಿಲ್ಲವೆಂದರೆ, ಮೊದಲ ಸಲ ಯಾರದೋ ನಗು ಅಂದುಕೊಂಡೆ. ಯಾವ ಮೆಡಿಕಲ್ ಸ್ಕೂಲು ಎಂದು ಅಲ್ಲಿ ಅವನನ್ನು ಕೇಳುವವರಿರಲಿಲ್ಲ. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು. ಆಟದ ದಿನ ಕಾರಿನಲ್ಲಿ ಹೋಗುವಾಗ ನಾವು ಮಾತಾಡುತ್ತಿದ್ದದ್ದು ಕಡಿಮೆಯೇ. ಆದರೂ ಒಬ್ಬರ ಪಕ್ಕ ಒಬ್ಬರು ಕೂತಿರುತ್ತಿದ್ದೆವು.

ಫೆಬ್ರವರಿಯಲ್ಲಿ ತಂಡಗಳಿಗೆ ಹಣ ಕೊಡುವ ಕಾಲೇಜಿನ ಸ್ಟೂಡೆಂಟ್ಸ್ ಯೂನಿಯನ್ನಿನವಳೊಬ್ಬಳು ಮೈದಾನಕ್ಕೆ ಬಂದು ಕೋಚನೊಡನೆ ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು, ನನ್ನ ಇಂಟರ್‌ವ್ಯೂಗಳು ನೆನಪಾದವು. ಹಿಂದಿನ ವರ್ಷ ತಂಡ ಒಂದೂ ಆಟ ಗೆದ್ದಿಲ್ಲ, ಈ ವರ್ಷವೂ ಒಂದೂ ಇಲ್ಲ, ಜನವೂ ಇಲ್ಲ. ಋತು ಮುಗಿಯುವುದರೊಳಗೆ ಒಂದಾದರೂ ಗೆಲುವು ತೋರಿಸದಿದ್ದರೆ ತಂಡವನ್ನು ಮುಚ್ಚುತ್ತೇವೆ ಅಂದಳು. ಉಳಿದಿದ್ದದ್ದು ಕೆಲವೇ ಆಟಗಳು. ಅವುಗಳಲ್ಲಿ ಕೊನೆಯದೊಂದನ್ನು ಬಿಟ್ಟು ಬೇರೆಲ್ಲ ಬಸ್ಸಿನಲ್ಲಿ ಬರುವವರ ಮೇಲೆ. ಕೊನೆಯದು ಮಾತ್ರ ನಮ್ಮಷ್ಟೇ ಬಡಕಲಾದ, ಪಟ್ಟಿಯಲ್ಲಿ ನಮ್ಮ ಮೇಲೆ ಕೂತಿದ್ದ ಇನ್ನೊಂದು ತಂಡದ ಮೇಲೆ.

ಅವತ್ತು ಕಾರಿನಲ್ಲಿ ಮಗ ತಾನಾಗಿಯೇ ಬಾಯಿ ಬಿಟ್ಟ. ತಂಡ ಹೋದರೆ ತಾನು ಕಾಲೇಜಿಗೆ ಯಾಕೆ ಹೋಗಬೇಕೋ ಗೊತ್ತಿಲ್ಲ ಅಂದ. ಬೆಳಿಗ್ಗೆ ಏಳುವುದೇ ಇದಕ್ಕಾಗಿ ಅಂದ. ಉತ್ಪ್ರೇಕ್ಷೆಯಿಲ್ಲದೆ, ಹವಾಮಾನ ಹೇಳುವವರಂತೆ ಹೇಳಿದ. ನಾನು "ಗೆಲ್ತೀರಿ ತಗೋ," ಅಂದೆ. "ಯು ಥಿಂಕ್?" ಎಂದು ನನ್ನ ಕಡೆ ತಿರುಗಿ ನೋಡಿದ. ನನ್ನ ಅಭಿಪ್ರಾಯವನ್ನು ಅವನು ನಿಜವಾಗಿ ಕೇಳಿದ್ದು ಅವತ್ತೇ ಮೊದಲು.

ಆಮೇಲಿನ ವಾರಗಳಲ್ಲಿ ನನಗೇ ಹುಚ್ಚು ಹಿಡಿಯಿತು. ವಾರ್ಡಿನಲ್ಲಿ ನಡೆಯುವಾಗ ಆ ಕೊನೆಯ ಆಟದ ಲೆಕ್ಕಾಚಾರ. ಮನೆದೇವರಿಗೆ ಹರಕೆ ಹೊತ್ತೆ. ಹನುಮಪ್ಪನಿಗೆ ಅಮೆರಿಕನ್ ಫುಟ್‌ಬಾಲ್ ಏನು ಗೊತ್ತು ಎಂದು ಹೆಂಡತಿ ಕೇಳಲಿಲ್ಲ. ಅವಳೇ ದೀಪ ಹಚ್ಚಿಟ್ಟಳು. ಅವನು ಬೆಳಿಗ್ಗೆ ಏಳುವುದು ಇದಕ್ಕಾಗಿ ಅಂದ ಮಾತನ್ನು ನಾನು ಅವಳಿಗೆ ಹೇಳಿದ್ದೆ.

ಕೊನೆಯ ಭಾನುವಾರ ನಮ್ಮ ಕಡೆ ಬಂದವರು ಹನ್ನೆರಡು ಜನ. ಮೈದಾನದೊಳಗೆ ಹನ್ನೊಂದು ಜನ ಇರಬೇಕು. ಒಬ್ಬ ಕಡಿಮೆಯಾದರೂ ಆ ಲೀಗಿನ ನಿಯಮದಂತೆ ಆಟ ನಿಲ್ಲಿಸಿ ಎದುರಿನವರಿಗೆ ಗೆಲುವು ಕೊಡುತ್ತಿದ್ದರು. ಇಷ್ಟು ಗುದ್ದಾಟದ ಆಟದಲ್ಲಿ ಜನ ಕಡಿಮೆಯಾದರೆ ಉಳಿದವರ ಮೈಗೆ ಅಪಾಯವೆಂದು ಆ ನಿಯಮ. ಡಾಕ್ಟರನಾಗಿ ನನಗೆ ಅದರ ಮೇಲೆ ಯಾವ ಆಕ್ಷೇಪಣೆಯೂ ಇರಲಿಲ್ಲ. ಮೊದಲರ್ಧ ಮುಗಿಯುವ ಮೊದಲೇ ಒಬ್ಬ ಹುಡುಗನ ಕಾಲರ್ ಬೋನು ನನ್ನ ಬೆರಳ ಕೆಳಗೆ ಕಟಕಟ ಅಂದಿತು. ಅವನನ್ನು ಹೊರಗೆ ಕೂರಿಸಿ ತೋಳು ಕಟ್ಟಿದೆ. ಹನ್ನೊಂದು ಉಳಿದರು.

ಆದರೂ ಹುಡುಗರು ಆಡಿದರು. ಶೇಂಗಾ ಆಗದ ಓಟಗಾರ ಕೆಸರಿನಲ್ಲಿ ಇಡೀ ಮೈದಾನ ದಾಟಿ ಓಡಿ ಅಂಕ ತಂದ. ಕೊನೆಯ ಭಾಗ ಶುರುವಾದಾಗ ಏಳಕ್ಕೆ ಆರು, ಏಳು ನಮ್ಮದು. ಎರಡು ವರ್ಷದಲ್ಲಿ ಆ ತಂಡ ಎದುರಿನವರಿಗಿಂತ ಮುಂದಿದ್ದದ್ದು ಅದೇ ಮೊದಲು. ಕೋಚ್ ಕೂಗುವುದನ್ನು ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟಿದ್ದ. ಕೂಗಿದರೆ ಎಲ್ಲಿ ಒಡೆಯುತ್ತದೋ ಎಂದು ಭಯ. ನಾನು ಕುರ್ಚಿಯಿಂದ ಎದ್ದು ನಿಂತು, ನನ್ನ ವಯಸ್ಸು, ನನ್ನ ಡಿಗ್ರಿ ಎಲ್ಲ ಮರೆತು, "ಹಿಡೀರೋ! ಬಿಡಬ್ಯಾಡ್ರೋ!" ಎಂದು ಒದರುತ್ತಿದ್ದೆ.

ಆಗ ಮಗ ಬಿದ್ದ. ನಾನು ನೋಡಿದೆ. ಚೆಂಡು ಹಿಂದಕ್ಕೆ ಕೊಟ್ಟು ತಲೆಯೆತ್ತುವುದರೊಳಗೆ ಎದುರಿನವನ ಮಂಡಿ ಇವನ ಹೆಲ್ಮೆಟ್ಟಿಗೆ ಬಡಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಬಿದ್ದವನು ತಾನೇ ಎದ್ದು ಕೂತ, ಕೋಚಿಗೆ ಹೆಬ್ಬೆರಳು ಎತ್ತಿ ತೋರಿಸಿದ. ರೆಫರಿ ನನ್ನನ್ನು ಒಳಗೆ ಕರೆದ. ನಾನು ಓಡಿದೆ. ನಮ್ಮ ಹುಡುಗರು ಸುತ್ತು ನಿಂತರು.

ಹೆಲ್ಮೆಟ್ ತೆಗೆಸಿ ಟಾರ್ಚ್ ಹಾಕಿ ನೋಡಿದೆ. ಎರಡು ಕಣ್ಣೂ ಸರಿ. ಕುತ್ತಿಗೆ ಸರಿ. ಕೈಕಾಲಿನ ಬಲ ಸರಿ. ಆಮೇಲೆ ತಲೆಗೆ ಪೆಟ್ಟು ಬಿದ್ದವರನ್ನು ಕೇಳುವ ಪ್ರಶ್ನೆಗಳು: ಯಾವ ಮೈದಾನ, ಯಾವ ಭಾಗ, ಯಾರು ಮುಂದಿದ್ದಾರೆ. ಆಸ್ಪತ್ರೆಯಲ್ಲಿ ಸಾವಿರ ಸಲ ಇಂಗ್ಲಿಷಿನಲ್ಲಿ ಕೇಳಿದವನು ನಾನು. ಗಾಬರಿಯಲ್ಲಿ ಕನ್ನಡದಲ್ಲಿ ಕೇಳಿದೆ.

"ಸ್ಕೋರ್ ಎಷ್ಟದ? ಹೇಳು ನನಗ."

"ಏಳು ನಮ್ದು, ಆರು ಅವರ್ದು," ಅಂದ. "ಅಪ್ಪಾ, ನನಗೇನೂ ಆಗಿಲ್ಲ. ಸುಮ್ನ ಯಾಕ ಅಂಜ್ತೀ? ನಾವು ಗೆಲ್ಲಲಿಕ್ಕತ್ತೇವಿ."

ಆ ಮಾತು ಅವ್ವನದು. ರಾಗ ಅವಳದು, "ಸುಮ್ನ" ಅನ್ನುವಾಗ ಎಳೆಯುವ ಎಳೆತವೂ ಅವಳದೇ. "ಡ್ಯಾಡ್" ಅಂದವನಲ್ಲ, "ಅಪ್ಪಾ" ಅಂದ. ಹದಿನೈದು ವರ್ಷ ಕಾದ ಮಾತು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನ್ನ ಎದೆ ತುಂಬಿ ಬಂತು, ಅವನ ಕೆಸರು ಮುಖವನ್ನು ಹಿಡಿದು ಮುದ್ದಿಸಬೇಕು ಅನ್ನಿಸಿತು. ಅದರ ಹಿಂದೆಯೇ ನನ್ನೊಳಗಿನ ಡಾಕ್ಟರ್ ಎದ್ದು ನಿಂತ. ನನ್ನ ಮಗ ಕನ್ನಡ ಆಡುವುದಿಲ್ಲ. ಆಡುತ್ತಿದ್ದಾನೆ ಅಂದರೆ ಇವನ ತಲೆಯೊಳಗೆ ಏನೋ ಜರುಗಿದೆ.

"ಏನಂದ ಅವನು?" ಎಂದು ಕೋಚ್ ಕೇಳಿದ.

"ಸ್ಕೋರ್ ಹೇಳಿದ."

"ಸರಿಯಾಗಿ ಹೇಳಿದನಾ?"

"ಸರಿಯಾಗಿ ಹೇಳಿದ."

"ಮತ್ತೇನು, ಡಾಕ್?"

ಮತ್ತೇನು ಎಂದು ನಾನು ಹೇಳಲಿ? ಯಾವ ಪುಸ್ತಕದಲ್ಲೂ ಇಲ್ಲದ ಲಕ್ಷಣ ಅದು. ಸುತ್ತ ನಿಂತ ಹುಡುಗರಿಗೆ ಒಬ್ಬ ಇಂಡಿಯನ್ ಹುಡುಗ ತನ್ನ ಅಪ್ಪನೊಡನೆ ಇಂಡಿಯನ್ ಭಾಷೆಯಲ್ಲಿ ಮಾತಾಡಿದ್ದಷ್ಟೇ ಕಾಣಿಸಿತು. ಅದಕ್ಕಿಂತ ಸಹಜವಾದದ್ದು ಏನಿದೆ? ಹತ್ತು ಜೋಡಿ ಕಣ್ಣು ನನ್ನನ್ನು ಬೇಡುತ್ತಿದ್ದವು. ಇವನನ್ನು ಹೊರಗೆ ಕಳಿಸಿದರೆ ಹತ್ತೇ ಜನ, ಆಟ ಅಲ್ಲಿಗೇ ಮುಗಿಯಿತು, ತಂಡವೂ ಮುಗಿಯಿತು. ಇನ್ನೇನು ಸ್ವಲ್ಪ ಹೊತ್ತು, ನಿಂತುಕೊಂಡರೂ ಸಾಕು ಡಾಕ್ ಎಂದು ಕೋಚ್ ಮೆಲ್ಲಗೆ ಅಂದ. ಮಗ ನನ್ನ ತೋಳು ಹಿಡಿದು ಎದ್ದು ನಿಂತ. ನೆಟ್ಟಗೇ ನಿಂತ.

ತಲೆಗೆ ಒಮ್ಮೆ ಪೆಟ್ಟು ಬಿದ್ದವನಿಗೆ ಆ ಕೂಡಲೇ ಎರಡನೆಯದು ಬಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಆ ಹುಡುಗನ ತಾಯಿಗೆ ಸುದ್ದಿ ಹೇಳಿದವನೂ ನಾನೇ.

ರೆಫರಿಯ ಕಡೆ ತಿರುಗಿ, ಇವನು ಆಡುವಂತಿಲ್ಲ ಅಂದೆ.

ರೆಫರಿ ಎರಡೂ ಕೈ ಎತ್ತಿ ಆಡಿಸಿ ಆಟ ಮುಗಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಗೆ ಬಂದದ್ದನ್ನು ನಾನೇ ಕಿತ್ತುಕೊಂಡೆ. ಯಾರೂ ಬಯ್ಯಲಿಲ್ಲ. ಇಂಗ್ಲಿಷ್ ಹುಡುಗರು, ದೊಡ್ಡವರಿಗೆ ಬಯ್ಯುವುದಿಲ್ಲ. ಓಟಗಾರ ಹೆಲ್ಮೆಟ್ ಕೆಳಗಿಟ್ಟು ಅದರ ಪಕ್ಕದಲ್ಲೇ ಕೂತ. ಎದುರಿನ ತಂಡದವರೂ ಕುಣಿಯಲಿಲ್ಲ, ನಾಚಿಕೆಯಾದವರಂತೆ ನಿಂತರು. ಬಯ್ದಿದ್ದರೆ ಚೆನ್ನಾಗಿತ್ತು.

ಆಂಬ್ಯುಲೆನ್ಸಿಗೆ ಕಾಯುವುದಕ್ಕಿಂತ ನನ್ನ ಕಾರೇ ಬೇಗ ಎಂದು ಅವನನ್ನು ಕೂರಿಸಿಕೊಂಡು ಹೊರಟೆ. ನಮ್ಮ ಆಸ್ಪತ್ರೆ ಹತ್ತಿರದಲ್ಲೇ ಇತ್ತು. ದಾರಿಯಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತ, "ಅಪ್ಪಾ, ಅಜ್ಜಿ ಮನ್ಯಾಗ ಅದಾಳೇನು?" ಎಂದು ಕೇಳಿದ.

"ಅದಾಳ," ಅಂದೆ.

"ಆಕೀಗೆ ಹೇಳಬ್ಯಾಡ. ಬಿದ್ದೆ ಅಂದ್ರ ಬೈತಾಳ."

"ಹೇಳಂಗಿಲ್ಲ," ಅಂದೆ. ರಸ್ತೆ ಕಾಣಿಸುತ್ತಿರಲಿಲ್ಲ. ವೈಪರ್ ಹಾಕಿದೆ, ಮಳೆ ಇರಲಿಲ್ಲ. ಅವನು ಕಣ್ಣು ಮುಚ್ಚಬಾರದೆಂದು ಮಾತಾಡಿಸುತ್ತಲೇ ಇದ್ದೆ. ಅಜ್ಜಿ ಮಾಡಿದ ಅಡುಗೆ ಕೇಳಿದೆ, ಅವಳ ಸೀರೆ ಬಣ್ಣ ಕೇಳಿದೆ. ಎಲ್ಲಕ್ಕೂ ಉತ್ತರ ಕೊಟ್ಟ, ಮಗುವಿನಂತೆ. ಹೆದರಿಕೆಯಿಂದ ಸಾಯುತ್ತಿದ್ದೆ. ಆದರೂ ಇನ್ನೊಂದು, ಇನ್ನೊಂದು ಎಂದು ಕೇಳುತ್ತಲೇ ಹೋದೆ.

ಕ್ಯಾಶುವಾಲ್ಟಿಯ ಬಾಗಿಲು ತಲುಪುವಾಗ ಅವನು ಒಮ್ಮೆ ವಾಂತಿ ಮಾಡಿಕೊಂಡ. ಮುಖ ಒರೆಸಿದೆ. ತಲೆಯೆತ್ತಿ ಸುತ್ತ ನೋಡಿ, "ವೈ ಆರ್ ವಿ ಹಿಯರ್?" ಅಂದ. ಆಮೇಲೆ, "ಡಿಡ್ ವಿ ವಿನ್?"

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ನನ್ನ ಕೈಕೆಳಗೆ ಕಲಿತ ಹುಡುಗಿಯೇ ಅವತ್ತು ಡ್ಯೂಟಿಯಲ್ಲಿದ್ದಳು. ಅವಳು ಕೇಳಿದ್ದಕ್ಕೆಲ್ಲ ಅವನು ಸರಿಯಾಗಿ, ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಸಣ್ಣ ಪೆಟ್ಟು, ಒಂದು ವಾರ ಮಲಗಲಿ ಅಂದಳು. ಹಾಗಾದರೆ ಆಡಬಹುದಿತ್ತೇ ಎಂದು ಅವನು ಕೇಳಿದ. ಅವಳು ನನ್ನ ಮುಖ ನೋಡಿ, ಅದು ಅಲ್ಲಿದ್ದವರಿಗೇ ಗೊತ್ತು ಅಂದಳು. ಅಲ್ಲಿದ್ದವನು ನಾನು. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸ್ಕ್ಯಾನಿನ ವಿಷಯ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಅಡುಗೆಮನೆಯ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು.

"ಖರೇನ 'ಅಪ್ಪಾ' ಅಂದನೇನು?"

"ಅಂದ."

"ಮತ್ತ ನನ್ನ ಕೇಳಲಿಲ್ಲೇನು? ಅವ್ವ ಎಲ್ಲಿ ಅಂತ?"

ಕೇಳಿದ ಎಂದು ಹೇಳಬಹುದಿತ್ತು. ನನ್ನ ಬಾಯಿಗೆ ಸುಳ್ಳು ಸಿಕ್ಕಲಿಲ್ಲ. "ಅಜ್ಜೀನ ಕೇಳಿದ," ಅಂದೆ. ಅವಳು ತಲೆಯಾಡಿಸಿ, ಹೋಗಲಿ, ಏನೇನಂದ ಮೊದಲಿಂದ ಹೇಳ್ರಿ ಅಂದಳು. ಹೇಳಿದೆ. ಮತ್ತೆ ಹೇಳಿಸಿದಳು. ಆ ವಾರದಲ್ಲಿ ಎಷ್ಟೋ ಸಲ ಹೇಳಿಸಿದಳು.

ಯೂನಿಯನ್ನಿನವರು ತಂಡವನ್ನು ಮುಚ್ಚಿದರು. ಏಳು–ಆರು ಎಂಬುದು ಎಲ್ಲೂ ದಾಖಲಾಗಲಿಲ್ಲ. ನಿಯಮದ ಪ್ರಕಾರ ಬಿಟ್ಟುಕೊಟ್ಟ ಆಟವೆಂದರೆ ಸೋತ ಆಟ. ಕೋಚ್ ವ್ಯಾನಿನಲ್ಲಿ ಬಂದು ಮಗನ ಹೆಲ್ಮೆಟ್ಟು, ಭುಜದ ಕವಚ ತೆಗೆದುಕೊಂಡು ಹೋದ. ಯಾವುದೋ ಶಾಲೆಗೆ ಕೊಡುತ್ತಾನಂತೆ. ಬಾಗಿಲಲ್ಲಿ ನಾನು ಅವನನ್ನು ಕೇಳಿದೆ: ಅವತ್ತು ಇವನು ನಮ್ಮ ಭಾಷೆಯಲ್ಲಿ ಮಾತಾಡಿದ್ದು ನಿನಗೆ ಕೇಳಿಸಿತಲ್ಲ, ಇವನಿಗೆ ಅದೊಂದೂ ನೆನಪಿಲ್ಲ, ನೀನು ಇವನಿಗೆ ಹೇಳುತ್ತೀಯಾ? ಅವನು ಕುತ್ತಿಗೆ ಕೆರೆದುಕೊಂಡ. ಏನೋ ಕೇಳಿಸಿತು ಡಾಕ್, ನಿಜ ಹೇಳಬೇಕೆಂದರೆ ನೋವಿಗೆ ಗೊಣಗುತ್ತಿದ್ದಾನೆ ಅಂದುಕೊಂಡೆ, ಸ್ಕೋರ್ ಹೇಳಿದ ಎಂದು ನೀವೇ ಅಂದಿರಲ್ಲ ಅಂದ. ಕೈ ಕುಲುಕಿ ಹೋದ. ಒಳ್ಳೆಯ ಮನುಷ್ಯ.

ಮಗ ಕಾಲೇಜು ಮುಗಿಸಲಿಲ್ಲ. ಹೇಳಿದ್ದ ಹಾಗೆಯೇ ಬೆಳಿಗ್ಗೆ ಏಳುವುದನ್ನು ಬಿಟ್ಟ. ಒಂದು ವರ್ಷ ಅವನ ಕೋಣೆಯ ಪರದೆ ತೆಗೆಯಲಿಲ್ಲ. ಮಾತ್ರೆ, ಮನೆಡಾಕ್ಟರು, ಕೌನ್ಸೆಲಿಂಗ್ ಎಲ್ಲ ಆಯಿತು. ಆಮೇಲೆ ಲಂಡನ್ನಿನ ಇನ್ನೊಂದು ತುದಿಯ ಕ್ಯಾನರಿ ವಾರ್ಫಿನಲ್ಲಿ ಒಂದು ಆಫೀಸು ಕಟ್ಟಡದ ರಿಸೆಪ್ಶನ್ನಿನಲ್ಲಿ ಕೂತು, ಬಂದವರಿಗೆ ಬ್ಯಾಜ್ ಕೊಟ್ಟು ಲಿಫ್ಟು ತೋರಿಸುವ ಕೆಲಸ ಹಿಡಿದ. ಈಗಲೂ ಅಲ್ಲೇ ಇದ್ದಾನೆ. ಆರೋಗ್ಯವಾಗಿದ್ದಾನೆ, ಜೀವಂತವಾಗಿದ್ದಾನೆ. ನಾನು ಅವತ್ತು ಉಳಿಸಿದ್ದು ಅದನ್ನೇ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಅದು ಸಾಲುವುದಿಲ್ಲ.

ಒಮ್ಮೆ, ಒಂದೇ ಒಂದು ಸಲ, ಅವನು ಮನೆಗೆ ಬಂದಿದ್ದಾಗ ಟೀ ಕುಡಿಯುತ್ತ ಆ ಮಾತು ತೆಗೆದೆ. ಅವನು ಏನೇನು ಅಂದಿದ್ದನೋ ಎಲ್ಲವನ್ನೂ ಅವನ ಮಾತಿನಲ್ಲೇ ಹೇಳಿದೆ. ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. ಅವನು ಕೊನೆಯವರೆಗೂ ಕೇಳಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ಇದ್ದಿದ್ದರೆ ಹಿಡಿದುಕೊಳ್ಳಲು ನನಗೇನಾದರೂ ಸಿಗುತ್ತಿತ್ತು.

"ಡ್ಯಾಡ್," ಅಂದ, "ಐ ಡೋಂಟ್ ಸ್ಪೀಕ್ ಕನ್ನಡ." ಆ ಆಟ ನನಗೆ ಎಂದೂ ಇಷ್ಟವಿರಲಿಲ್ಲವೆಂದು ತನಗೆ ಗೊತ್ತು, ಪರವಾಗಿಲ್ಲ, ಹಳೆಯ ವಿಷಯ, ಆದರೆ ಅದಕ್ಕಾಗಿ ಇಂಥದ್ದನ್ನೆಲ್ಲ ಕಟ್ಟಿ ಹೇಳಬೇಕಾಗಿಲ್ಲ ಅಂದ. ಕಪ್ಪನ್ನು ತೊಳೆದಿಟ್ಟು ರೈಲಿಗೆ ಹೊರಟ.

ಅವತ್ತು ಆ ಕೆಸರಿನಲ್ಲಿ ನಮ್ಮ ಸುತ್ತ ಕೋಚ್ ಇದ್ದ, ರೆಫರಿ ಇದ್ದ, ಹತ್ತು ಜನ ಹುಡುಗರಿದ್ದರು. ಅವನು ಆಡಿದ ಒಂದೊಂದು ಮಾತನ್ನೂ ಎಲ್ಲರೂ ಕೇಳಿಸಿಕೊಂಡರು. ಅವರಲ್ಲಿ ಕನ್ನಡ ಬರುವವನು ಒಬ್ಬನೂ ಇರಲಿಲ್ಲ.